ಎಸ್ಸೆಸ್ಸೆಲ್ಸಿ ಫೇಲ್ ಆದವರಿಗೂ ಡಿಗ್ರಿ ದಾರಿ ಇದೆ; ‘ಒಂದೇ ವರ್ಷದಲ್ಲಿ’ ಮಾತ್ರ ಇಲ್ಲ

ಪ್ರತಿ ವರ್ಷ ಫಲಿತಾಂಶ ಬಂದ ವಾರದಲ್ಲೇ ತಾಲೂಕು ಕೇಂದ್ರಗಳ ಬಸ್ ಸ್ಟ್ಯಾಂಡ್ ಸುತ್ತ ಒಂದು ಬಗೆಯ ಫ್ಲೆಕ್ಸ್ ಏಳುತ್ತವೆ. ‘ಎಸ್ಸೆಸ್ಸೆಲ್ಸಿ ಫೇಲ್? ಚಿಂತೆ ಬೇಡ. ಒಂದೇ ಸಿಟ್ಟಿಂಗ್‌ನಲ್ಲಿ ಪಿಯುಸಿ, ಡಿಗ್ರಿ.’ ಕೆಳಗೆ ಒಂದು ಮೊಬೈಲ್ ನಂಬರ್. ವಿಳಾಸ ಇರುವುದಿಲ್ಲ. ಈ ಫ್ಲೆಕ್ಸ್ ಹದಿನಾರರ ಹುಡುಗರಿಗಿಂತ ಹೆಚ್ಚಾಗಿ ಎಳೆಯುವುದು ಮೂವತ್ತು ದಾಟಿದವರನ್ನು. ಬಟ್ಟೆ ಅಂಗಡಿ ಸೇಲ್ಸ್‌ನವರು, ಗ್ಯಾರೇಜಿನವರು, ಮದುವೆಯಾಗಿ ಓದು ಬಿಟ್ಟ ಹೆಣ್ಣುಮಕ್ಕಳು. ದುಡ್ಡು ಕಟ್ಟೋದೂ ಇವರೇ, ಮೋಸ ಹೋದರೆ ನಾಚಿಕೆಗೆ ಬಾಯಿ ಬಿಡದವರೂ ಇವರೇ.

ಸರ್ಟಿಫಿಕೇಟ್ ಯಾಕೆ ಬೇಕು ಅಂತ ಕೇಳುವವರಿದ್ದಾರೆ. ಕೆಲವು ಕಡೆ ನಿಜವಾಗಿಯೂ ಬೇಡ. ಲಾರಿ, ಟ್ಯಾಕ್ಸಿ ಓಡಿಸುವ ಲೈಸೆನ್ಸಿಗೆ ಎಂಟನೇ ಕ್ಲಾಸ್ ಕಡ್ಡಾಯ ಅನ್ನುವ ನಿಯಮವನ್ನು ಕೇಂದ್ರ 2019ರಲ್ಲಿ ತೆಗೆದುಹಾಕಿತು. ಆದರೆ ಪಿಎಂಇಜಿಪಿ ಸಾಲದಲ್ಲಿ ತಯಾರಿಕಾ ಘಟಕ 10 ಲಕ್ಷ, ಸೇವಾ ಘಟಕ 5 ಲಕ್ಷ ದಾಟಿದರೆ ಎಂಟನೇ ಕ್ಲಾಸ್ ಪಾಸ್ ಕೇಳ್ತಾರೆ. ಅಂಗನವಾಡಿ ಕಾರ್ಯಕರ್ತೆ ಹುದ್ದೆಗೆ ಈಗ ಪಿಯುಸಿ ಬೇಕು. ಊರಲ್ಲೇ ಇದ್ದು ಮಾಡಬಹುದಾದ ಕೆಲಸಗಳ ಮೆಟ್ಟಿಲೇ ಒಂದೊಂದಾಗಿ ಮೇಲೆ ಹೋಗ್ತಾ ಇದೆ.

ಹಾಗಾದರೆ ನೇರವಾಗಿ ಡಿಗ್ರಿಗೆ ಸೇರಬಹುದಾ? ಹಿಂದೆ ಒಂದು ಕಾಲದಲ್ಲಿ ಆಗ್ತಿತ್ತು. ದೂರ ಶಿಕ್ಷಣಕ್ಕೆ ಸಂಬಂಧಿಸಿದ ಯುಜಿಸಿಯ 1985ರ ನಿಯಮದಲ್ಲಿ, 21 ವರ್ಷ ತುಂಬಿದವರು ಪ್ರವೇಶ ಪರೀಕ್ಷೆ ಬರೆದು ಪಿಯುಸಿ ಇಲ್ಲದೆಯೂ ಸೇರಲು ಅವಕಾಶವಿತ್ತು. ‘ನಮ್ಮ ಮಾವ ಹಾಗೇ ಡಿಗ್ರಿ ಮಾಡಿದ್ದು’ ಅಂತ ಈಗಲೂ ಹೇಳುವವರು ಸಿಗ್ತಾರೆ, ಸುಳ್ಳಲ್ಲ. ಏಜೆಂಟರು ಬಂಡವಾಳ ಮಾಡಿಕೊಂಡಿರುವುದು ಇದೇ ಹಳೆಯ ನೆನಪನ್ನು. ಇವತ್ತು ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಬಿಎ, ಬಿಕಾಂ ಸೇರಬೇಕಾದರೆ ಪಿಯುಸಿ ಅಥವಾ ತತ್ಸಮಾನ ಪಾಸಾಗಿರಬೇಕು. ಬುಡ ಇಲ್ಲದ ಪದವಿ ಕೋರ್ಟಿನಲ್ಲೂ ನಿಂತಿಲ್ಲ: ಮೂಲ ಪದವಿಯಿಲ್ಲದೆ ಮುಕ್ತ ವಿವಿಯಿಂದ ನೇರವಾಗಿ ಪಡೆದ ಎಂಎ ಸರ್ಕಾರಿ ಕೆಲಸಕ್ಕೆ ಆಗಲ್ಲ ಎಂದು ಅಣ್ಣಾಮಲೈ ವಿವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2009ರಲ್ಲೇ ಹೇಳಿತ್ತು.

ಹಾಗಾಗಿ ಕೆಲಸ ಶುರುವಾಗಬೇಕಾದ್ದು ಹತ್ತನೇ ಕ್ಲಾಸಿನಿಂದ. ಅಲ್ಲಿ ದಾರಿ ಎರಡು. ಒಂದೆರಡು ವಿಷಯ ಮಾತ್ರ ಉಳಿಸಿಕೊಂಡವರಿಗೆ ರಾಜ್ಯ ಮಂಡಳಿಯ ಪರೀಕ್ಷೆಯೇ ಸಲೀಸು. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ನಡೆಯುತ್ತದೆ. ಶಾಲೆಗೇ ಹೋಗದವರು ಖಾಸಗಿ ಅಭ್ಯರ್ಥಿಯಾಗಿ ಬರೆಯಬಹುದು. ತೀರಾ ಹಳೆಯ ಸಿಲಬಸ್‌ನವರು ಬಿಇಒ ಆಫೀಸಿನಲ್ಲಿ ಮೊದಲು ಕೇಳಿಕೊಳ್ಳಲಿ.

ಎರಡನೆಯದು ಎನ್‌ಐಒಎಸ್, ಅಂದರೆ ರಾಷ್ಟ್ರೀಯ ಮುಕ್ತ ಶಾಲೆ. ಕೇಂದ್ರ ಸರ್ಕಾರದ್ದು. ಗಣಿತಕ್ಕೆ ಹೆದರಿ ಓದು ಬಿಟ್ಟವರಿಗೆ ಹೇಳಿ ಮಾಡಿಸಿದ ಹಾಗಿದೆ. ಐದು ವಿಷಯ ಸಾಕು, ಗಣಿತ ಕಡ್ಡಾಯವಲ್ಲ. ಒಮ್ಮೆ ನೋಂದಣಿ ಮಾಡಿಸಿದರೆ ಐದು ವರ್ಷ ಜೀವಂತ, ಒಂಬತ್ತು ಸಲ ಪರೀಕ್ಷೆಗೆ ಅವಕಾಶ. ಈ ಸಲ ಎರಡು ವಿಷಯ, ಹಬ್ಬದ ವ್ಯಾಪಾರ ಮುಗಿದ ಮೇಲೆ ಇನ್ನೆರಡು ಅಂತ ಬರೆಯಬಹುದು. ಅಂಗಡಿ ಬಾಗಿಲು ಹಾಕಲಾಗದವರಿಗೆ ಇದಕ್ಕಿಂತ ಅನುಕೂಲ ಬೇರೆ ಇಲ್ಲ. ಆದರೆ ಯಾವ ವಿಷಯಕ್ಕೆ ಕನ್ನಡದಲ್ಲಿ ಪುಸ್ತಕ, ಪ್ರಶ್ನೆಪತ್ರಿಕೆ ಸಿಗುತ್ತದೆ ಎಂದು ದುಡ್ಡು ಕಟ್ಟುವ ಮೊದಲೇ ವಿಚಾರಿಸಿ. ಸೇರಿದ ಮೇಲೆ ಇಂಗ್ಲಿಷ್ ಪುಸ್ತಕ ಕೈಗೆ ಬಂದರೆ ಅಲ್ಲಿಗೆ ಉತ್ಸಾಹ ಮುಗೀತು.

‘ಒಂದೇ ಸಿಟ್ಟಿಂಗ್’ ಸುಳ್ಳು ಅಂತ ಗೊತ್ತಾಗುವುದೂ ಇಲ್ಲೇ. ಎನ್‌ಐಒಎಸ್ ನಿಯಮದಲ್ಲೇ ಹತ್ತನೇ ಕ್ಲಾಸ್ ಪಾಸಾದ ಮೇಲೆ ಹನ್ನೆರಡರ ಐದೂ ವಿಷಯ ಮುಗಿಸಲು ಎರಡು ವರ್ಷದ ಅಂತರ ಬೇಕು. ರಾಜ್ಯ ಮಂಡಳಿಯಲ್ಲಿ ಕಲಾ, ವಾಣಿಜ್ಯ ವಿಭಾಗಕ್ಕೆ ನೇರ ಸೆಕೆಂಡ್ ಪಿಯು ಬರೆಯುವ ಅವಕಾಶ ಇದೆ, ಅದಕ್ಕೂ ವಯಸ್ಸು, ಅಂತರದ ಷರತ್ತುಗಳಿವೆ. ಆಮೇಲೆ ಡಿಗ್ರಿಗೆ ಮೂರು ವರ್ಷ. ಲೆಕ್ಕ ಹಾಕಿ: 34ಕ್ಕೆ ಶುರು ಮಾಡಿದವರು 40ರ ಹೊತ್ತಿಗೆ ಪದವೀಧರರು. ಈ ಆರು ವರ್ಷವನ್ನು ಆರು ತಿಂಗಳು ಮಾಡ್ತೀನಿ ಅನ್ನುವವನು ಮಾರುತ್ತಿರುವುದು ಬರೀ ಪ್ರಿಂಟ್ ಮಾಡಿದ ಕಾಗದ. ಪರಿಶೀಲನೆಯಲ್ಲಿ ಸಿಕ್ಕಿಬಿದ್ದರೆ ಕೆಲಸವೂ ಹೋಗುತ್ತೆ, ಕೇಸೂ ಬೀಳುತ್ತೆ. ಕೇಸ್ ಬೀಳೋದು ಕಾಗದ ಕೊಟ್ಟ ಸಹಿ ಯಾರದ್ದೋ ಅವರ ಮೇಲೆ, ಅಂದರೆ ನಿಮ್ಮ ಮೇಲೆ.

ಹಾಗಂತ ಎಲ್ಲ ತಪ್ಪೂ ಏಜೆಂಟರದ್ದೇ ಅಲ್ಲ. ನಮ್ಮ ನೆಚ್ಚಿನ ಮುಕ್ತ ವಿವಿಯ ಮಾನ್ಯತೆಯನ್ನೇ ಯುಜಿಸಿ 2015ರಲ್ಲಿ ರದ್ದು ಮಾಡಿತ್ತು, ಮತ್ತೆ ಸಿಕ್ಕಿದ್ದು 2018ರಲ್ಲಿ. ಆ ಅವಧಿಯಲ್ಲಿ ಸಿಕ್ಕಿಹಾಕಿಕೊಂಡವರನ್ನು ನೋಡಿದ ಊರಿನ ಜನ ‘ದೂರ ಶಿಕ್ಷಣ’ ಅಂದರೆ ಇನ್ನೂ ಮೂಗು ಮುರೀತಾರೆ. ಸರಿಯಾದ ದಾರಿ ತೋರಿಸುವ ಒಂದು ಕೌಂಟರ್ ತಾಲೂಕು ಮಟ್ಟದಲ್ಲಿಲ್ಲ. ವೆಬ್‌ಸೈಟ್ ನೋಡಿ ಅಂತಾರೆ. ವೆಬ್‌ಸೈಟ್ ನೋಡಿ ಫಾರಂ ತುಂಬುವಷ್ಟು ಗೊತ್ತಿದ್ದವರು ಏಜೆಂಟನ ಹತ್ತಿರ ಯಾಕೆ ಹೋಗ್ತಿದ್ದರು? ತಾಲೂಕು ಗ್ರಂಥಾಲಯದಲ್ಲಿ ವಾರಕ್ಕೊಂದು ಸಂಜೆ ಒಬ್ಬ ನಿವೃತ್ತ ಮೇಷ್ಟ್ರನ್ನು ಕೂರಿಸಿದರೂ ಅರ್ಧ ಫ್ಲೆಕ್ಸ್ ಇಳಿಯುತ್ತವೆ. ಇದಕ್ಕೆ ದೊಡ್ಡ ಬಜೆಟ್ ಬೇಕಿಲ್ಲ.

ಅಲ್ಲಿವರೆಗೆ ಇಷ್ಟು ಮಾಡಿ. ಶುಲ್ಕವನ್ನು ಸಂಸ್ಥೆಯ ಅಧಿಕೃತ ವೆಬ್‌ಸೈಟಿನಲ್ಲೇ ಕಟ್ಟಿ. ಯಾರದೋ ಫೋನ್‌ಪೇ ನಂಬರಿಗೆ ಬೇಡ. ವಿವಿಯ ಹೆಸರು, ಕೋರ್ಸ್, ಆ ವರ್ಷ, ಮೂರೂ ಯುಜಿಸಿಯ ದೂರ ಶಿಕ್ಷಣ ಪಟ್ಟಿಯಲ್ಲಿದೆಯಾ ನೋಡಿ. ನಿಮ್ಮ ಅಂಗಡಿಯಲ್ಲಿ ಓದುವ ಹುಡುಗ, ಹುಡುಗಿ ಇದ್ದರೆ ಪರೀಕ್ಷೆ ದಿನ ರಜೆ ಕೊಡಿ, ಸಂಬಳ ಹಿಡಿಯಬೇಡಿ.