ವ್ಯಾಪಾರವೆಂದರೆ ದ್ರೋಹವೆ?

“ವ್ಯಾಪಾರಂ ದ್ರೋಹಚಿಂತನಂ” ಎಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. “ಉತ್ತಮ ಕೃಷಿ, ಮಧ್ಯಮ ವ್ಯಾಪಾರ, ಕನಿಷ್ಠ ಚಾಕರಿ” ಎಂಬ ಮಾತನ್ನೂ ನಮ್ಮ ಹಿರಿಯರೇ ಹೇಳಿರುವರು. ನಾವಾದರೋ ಮೊದಲನೆಯದನ್ನು ಮಂತ್ರದಂತೆ ನಂಬಿ, ಎರಡನೆಯದನ್ನು ತಲೆಕೆಳಗು ಮಾಡಿಕೊಂಡು ನಡೆಯುತ್ತಿದ್ದೇವೆ. ಗಾವಡಗೆರೆಯ ಸುತ್ತಿನ ಯಾವ ಹಳ್ಳಿಯಲ್ಲಾದರೂ ಹುಡುಗನೊಬ್ಬನು ಪರೀಕ್ಷೆಯಲ್ಲಿ ತೇರ್ಗಡೆಯಾದನೆನ್ನಿ. “ಯಾವ ಕೆಲಸ ಸಿಕ್ಕಿತಪ್ಪಾ?” ಎಂದು ಊರೆಲ್ಲ ಕೇಳುವುದು, “ಏನು ಉದ್ಯಮ ಹೂಡಿದೆ?” ಎಂದು ಕೇಳುವವರು ಒಬ್ಬರಾದರೂ ಉಂಟೆ? ಸಂಬಂಧದ ಮಾತು ಬಂದಾಗ ಮಗನು ಅಂಗಡಿಯಿಟ್ಟಿರುವನೆಂಬುದನ್ನು ತಂದೆತಾಯಿಗಳು ತಗ್ಗಿದ ದನಿಯಲ್ಲಿ ಹೇಳುವರು.

ಆದರೆ ಇದೇ ಸೀಮೆಯ ರೈತನನ್ನು ನೋಡಿರಿ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ, ಕೃಷ್ಣರಾಜನಗರ ತಾಲ್ಲೂಕುಗಳಲ್ಲಿ ಹೊಗೆಸೊಪ್ಪು ಬೆಳೆಯುವ ಒಕ್ಕಲುಗಳು ಬಹಳ. ಮುಂಗಾರಿಗೆ ಮೊದಲು ಸಾಲ ತರಬೇಕು. ಸಸಿ, ಗೊಬ್ಬರ, ಆಳು, ಸೌದೆಗಳಿಗೆ ಹಣ ಸುರಿಯಬೇಕು. ಬ್ಯಾರನ್ನಿನ ಮುಂದೆ ಹಗಲಿರುಳು ಬೆಂಕಿ ಕಾಯಬೇಕು. ಕೊನೆಗೆ ಬೇಲು ಕಟ್ಟಿ ಕಟ್ಟೆಮಳಲವಾಡಿಯ ಅಥವಾ ಚಿಲ್ಕುಂದದ ಹರಾಜು ಮಾರುಕಟ್ಟೆಗೆ ಒಯ್ದು, ಕೊಳ್ಳುವವನ ಬಾಯಿಂದ ಬರುವ ಬೆಲೆಗೆ ಕಿವಿಗೊಟ್ಟು ನಿಲ್ಲಬೇಕು. ಬಂಡವಾಳ ಹೂಡುವವನು ಇವನು, ನಷ್ಟದ ಭಯವನ್ನು ಹೊರುವವನು ಇವನು. ಇದು ಉದ್ಯಮವಲ್ಲದೆ ಮತ್ತೇನು? ಉದ್ಯಮಿಯ ಕಷ್ಟಗಳೆಲ್ಲ ಇವನಿಗುಂಟು. ಉದ್ಯಮಿಯ ಹೆಸರು ಮಾತ್ರ ಇಲ್ಲ, ಉದ್ಯಮಿಯ ಲೆಕ್ಕದ ಪುಸ್ತಕವೂ ಇಲ್ಲ. ಹರಾಜಿನಲ್ಲಿ ಬಂದ ಹಣವೆಷ್ಟೆಂದು ಕೇಳಿದರೆ ಥಟ್ಟನೆ ಹೇಳುವನು. ತಗುಲಿದ ವೆಚ್ಚವೆಷ್ಟೆಂದರೆ ಆಕಾಶ ನೋಡುವನು. ಹೆಂಡತಿಮಕ್ಕಳು ಸೊಪ್ಪು ಪೋಣಿಸಿದ ಕೂಲಿಯನ್ನಂತೂ ಯಾರೂ ಬರೆದಿಡುವುದಿಲ್ಲ.

ಇಲ್ಲಿ ಧರ್ಮಸೂಕ್ಷ್ಮವಾದ ಪ್ರಶ್ನೆಯೊಂದುಂಟು. ಹೊಗೆಸೊಪ್ಪು ಮನುಷ್ಯನ ಆರೋಗ್ಯಕ್ಕೆ ಹಾನಿಕರ, ಇದರಲ್ಲಿ ಸಂಶಯವಿಲ್ಲ. “ಇಂತಹ ಬೆಳೆ ಪಾಪ, ಬಿಟ್ಟುಬಿಡಿ” ಎಂದು ಉಪದೇಶಿಸುವ ಸಜ್ಜನರು ನಮ್ಮಲ್ಲಿ ಅನೇಕರು. ಅವರ ನಂಬಿಕೆಯನ್ನು ನಾವು ಗೌರವಿಸುತ್ತೇವೆ; ಅದು ನಮ್ಮ ನಂಬಿಕೆಯೂ ಹೌದು. ಆದರೆ ಕಷ್ಟವನ್ನೆಲ್ಲ ಪರರ ತಲೆಗೆ ಕಟ್ಟುವ ನಂಬಿಕೆ ಬಲು ಸುಲಭವಾದದ್ದು. ಸಂಬಳದ ಆಸರೆಯುಳ್ಳವನು ಸಾಲದ ಆಸರೆಯವನಿಗೆ ಉಪದೇಶ ಮಾಡುವ ಮೊದಲು ಒಂದು ಮಾತನ್ನು ವಿಚಾರಿಸತಕ್ಕದ್ದು: ರೈತನು ಈ ಸೊಪ್ಪನ್ನೇ ಏತಕ್ಕೆ ಹಿಡಿದಿದ್ದಾನೆ?

ನಮಗೆ ತೋರುವ ಉತ್ತರವಿದು. ಈ ಬೆಳೆಗೆ ಮಾರುಕಟ್ಟೆಯುಂಟು. ತಂಬಾಕು ಮಂಡಲಿ 1976ರಲ್ಲಿ ಸ್ಥಾಪಿತವಾಯಿತು. 1984ರಲ್ಲಿ ಹರಾಜಿನ ಏರ್ಪಾಡು ಬಂದಿತು. ದರ್ಜೆಯುಂಟು, ತೂಕವುಂಟು, ಪರವಾನಗಿಯನ್ನು ನೋಡಿ ಸಾಲ ಕೊಡುವ ಬ್ಯಾಂಕುಂಟು. ಬೆಲೆ ಕುಸಿದು ರೈತನು ಕಣ್ಣೀರಿಟ್ಟ ವರ್ಷಗಳಿಲ್ಲವೆಂದಲ್ಲ. ಆದರೂ ಬೇಲನ್ನು ಎಲ್ಲಿಗೆ ಒಯ್ಯಬೇಕೆಂಬುದು ಅವನಿಗೆ ತಿಳಿದಿದೆ. ಹುರುಳಿ, ಅವರೆ, ತರಕಾರಿಗಳ ಪಾಡೇನು? ಶುಂಠಿಯನ್ನು ನೋಡಿರಿ. ನೆರೆಯ ಕೇರಳದವರು ಬಂದು ಇಲ್ಲಿ ಭೂಮಿಯನ್ನು ಗುತ್ತಿಗೆ ಹಿಡಿದು ಅದನ್ನು ಬೆಳೆದರು. ನಮ್ಮವರು ನೋಡಿ ಕಲಿತರು. ಒಂದು ವರ್ಷ ಬಂಗಾರ, ಇನ್ನೊಂದು ವರ್ಷ ಕಿತ್ತ ಕೂಲಿಗೂ ಸಾಲದು! ಒಣಗಿಸಿ, ದರ್ಜೆಗೊಳಿಸಿ, ಕೂಡಿಟ್ಟು, ದೂರದ ಪೇಟೆಗೆ ಸಕಾಲದಲ್ಲಿ ಮುಟ್ಟಿಸುವ ಊರಿನ ವರ್ತಕನಿದ್ದರೆ ಈ ಏರಿಳಿತದ ಪೆಟ್ಟು ಅಷ್ಟು ಬಲವಾಗಿ ಬೀಳುತ್ತಿರಲಿಲ್ಲ. ಇಂಡಿಯಾ ದೇಶವು 2004ರಲ್ಲಿ ಸ್ಥಿರೀಕರಿಸಿದ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದದ 17ನೆಯ ವಿಧಿಯೂ ಬೆಳೆಗಾರರಿಗೆ ಬದುಕು ಸಾಗಿಸಲು ತಕ್ಕ ಬದಲಿ ವೃತ್ತಿಗಳನ್ನು ಪ್ರೋತ್ಸಾಹಿಸಬೇಕೆನ್ನುತ್ತದೆ. ಆ ಬದಲಿಯನ್ನು ಕಟ್ಟತಕ್ಕವರು ಯಾರು? ಬರಿಯ ಸರಕಾರದ ಸುತ್ತೋಲೆಯಿಂದ ಅದು ಕಟ್ಟಿಬರುವುದೆ? ಆದಕಾರಣ ಹೊಗೆಸೊಪ್ಪನ್ನು ಬಿಡಿಸಬೇಕೆನ್ನುವವನು ಮೊದಲು ವ್ಯಾಪಾರವನ್ನು ಹೀನೈಸುವುದನ್ನು ಬಿಡಬೇಕೆಂಬುದೇ ನಮ್ಮ ಅಭಿಪ್ರಾಯ.

ವ್ಯಾಪಾರವು ಕನ್ನಡಿಗನ ರಕ್ತದಲ್ಲಿಲ್ಲವೆಂದು ಕೆಲವರು ನಿಟ್ಟುಸಿರಿಡುವುದುಂಟು. ಇದು ಇತಿಹಾಸವನ್ನರಿಯದ ಮಾತು. ಅಯ್ಯಾವೊಳೆಯ ಐನೂರ್ವರು ಕನ್ನಡ ನಾಡಿನಿಂದ ಹೊರಟು ತಮಿಳುನಾಡು, ಸಿಂಹಳಗಳವರೆಗೆ ವ್ಯಾಪಾರ ನಡೆಸಿದವರು. ತಮ್ಮ ವೃತ್ತಿಯನ್ನು ಬಣಂಜುಧರ್ಮವೆಂದೇ ಶಾಸನಗಳಲ್ಲಿ ಕರೆದುಕೊಂಡವರು. 12ನೆಯ ಶತಮಾನದ ಶರಣರು ಕಾಯಕಗಳಲ್ಲಿ ಮೇಲುಕೀಳನ್ನೆಣಿಸಲಿಲ್ಲ. ಈಚಿನದನ್ನು ಹೇಳುವುದಾದರೆ, 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರ ಸಹಕಾರ ಸಂಘವನ್ನು ಕಟ್ಟಿದರು. 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಪೈ, ವಾಮನ ಕುಡ್ವ, ಡಾ|| ಟಿ. ಎಂ. ಎ. ಪೈ ಇವರು ಕೇವಲ 8,000 ರೂಪಾಯಿ ಬಂಡವಾಳದಿಂದ, ಕೈಮಗ್ಗದ ನೇಕಾರರಿಗೆ ಆಸರೆಯಾಗಲೆಂದು ಬ್ಯಾಂಕನ್ನು ತೆರೆದರು. 1928ರಿಂದ ಮನೆಮನೆಗೆ ಹೋಗಿ ದಿನಕ್ಕೆರಡಾಣೆಯ ಪಿಗ್ಮಿ ಠೇವಣಿಯನ್ನು ಕೂಡಿಸಿದರು. ಸಿಂಡಿಕೇಟ್ ಬ್ಯಾಂಕೆಂದು ಹೆಸರಾದ ಆ ಸಂಸ್ಥೆ 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು. ಹೆಸರು ಅಳಿದರೂ ಪಾಠ ಅಳಿಯದು: ಬಡವನ ಎರಡಾಣೆಯನ್ನು ನಂಬಿ, ಅವನ ನಂಬಿಕೆಯನ್ನೂ ಗಳಿಸಿದ್ದು ವ್ಯಾಪಾರವೇ, ಅದರಲ್ಲಿ ದ್ರೋಹವೆಲ್ಲಿ?

ಗಾದೆಯು ಕಾರಣವಿಲ್ಲದೆ ಹುಟ್ಟಿತೆಂದು ನಾವು ಹೇಳುವುದಿಲ್ಲ. ತೂಕದಲ್ಲಿ ಕೈಚಳಕ ತೋರುವವನೂ, ರೈತನ ಅವಸರವನ್ನು ನೋಡಿ ಬೆಲೆ ಮುರಿಯುವವನೂ, ಕೂಲಿಯನ್ನು ನಾಳೆ ನಾಳೆಯೆಂದು ತಳ್ಳುವವನೂ ಅದನ್ನು ಇಂದಿಗೂ ಬದುಕಿಸಿಟ್ಟಿರುವರು. ಅದನ್ನು ಸುಳ್ಳುಮಾಡುವ ಹೊಣೆ ವರ್ತಕರ ಮೇಲಿದೆ. ಸರಿಯಾದ ತಕ್ಕಡಿ, ಬರೆದುಕೊಟ್ಟ ರಸೀದಿ, ಹೇಳಿದ ದಿನಕ್ಕೆ ಹಣ, ಇಷ್ಟಿದ್ದರೆ ಸಾಕು.

ಉಪಾಧ್ಯಾಯರಲ್ಲಿ ನಮ್ಮದೊಂದು ವಿಜ್ಞಾಪನೆ. ಈ ವರ್ಷ ನಿಮ್ಮ ತರಗತಿಯ ಮಕ್ಕಳಿಂದ ಅವರವರ ಮನೆಯ ಬೆಳೆಯ ಜಮಾಖರ್ಚನ್ನು ಬರೆಯಿಸಿರಿ. ತಾಯಿಯ ದುಡಿಮೆಯನ್ನೂ ಖರ್ಚಿನಲ್ಲಿ ಸೇರಿಸಲು ಹೇಳಿರಿ. ತಂದೆಗೆ ಕಾಣದ ನಷ್ಟ ಮಗಳ ಲೆಕ್ಕದಲ್ಲಿ ಕಂಡೀತು. ಅವಳೇ ಮುಂದೆ ಊರಿನ ಧಾನ್ಯಕ್ಕೆ ಪೇಟೆಯನ್ನು ಹುಡುಕಿಯಾಳು. ಅಂದು ಅವಳು “ನಾನು ವ್ಯಾಪಾರ ಮಾಡುತ್ತೇನೆ” ಎಂದರೆ, ಪಟ್ಟಣವಾಸಿ ಬಂಧುಗಳೇ, ಮುಖ ಸಿಂಡರಿಸದೆ ಅವಳ ಮೊದಲನೆಯ ಗಿರಾಕಿಗಳಾಗಿರಿ.