ಕಪಾಟಿನಲ್ಲಿ ನಿಂತ ಗಡಿಯಾರ

ಸಹೋದರಿಯರೇ, ನಿಮ್ಮ ಮಗನಿಗೆ ಹಳೆಯ ಕೈಗಡಿಯಾರಗಳನ್ನು ಕೂಡಿಡುವ ಹುಚ್ಚು ಹತ್ತಿದೆಯೇ? ಗದರಿಸಬೇಡಿ. ಹಣ ಕೊಡಲೂ ಅವಸರಿಸಬೇಡಿ. ಮೊದಲು ಮನೆಯ ಕಪಾಟು ತೆರೆಯಿರಿ.

ಸಮೀರವಾಡಿಯಂತಹ ಸಕ್ಕರೆ ಕಾರ್ಖಾನೆಯ ಊರಿನಲ್ಲಿ ಪಾಳಿಯ ಕೆಲಸಕ್ಕೆ ಹೋಗುವವರಿಗೆ ಗಡಿಯಾರ ಬೇಕೇ ಬೇಕಿತ್ತು. ಅಜ್ಜನ ಎಚ್‌ಎಂಟಿ ಯಾವುದೋ ಡಬ್ಬಿಯಲ್ಲಿ ನಿಂತು ಮಲಗಿರಬಹುದು. ಜಪಾನಿನ ಸಿಟಿಜನ್ ಕಂಪೆನಿಯ ನೆರವಿನಿಂದ 1961ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ಗಡಿಯಾರ ಕಾರ್ಖಾನೆ ಆರಂಭವಾಯಿತು. ಕೀಲಿ ಕೊಡುವ 'ಜನತಾ' ಸಾಮಾನ್ಯರ ಕೈಯನ್ನು ಸೇರಿತು. 'ಕಾಂಚನ್' ವರನ ಕಡೆಯವರು ಕೇಳಿ ಪಡೆಯುವ ವಸ್ತುವೂ ಆಯಿತು. ಹೆಣ್ಣು ಹೆತ್ತವರ ಬೆವರು ಅದರಲ್ಲಿದೆ ಎಂಬುದನ್ನೂ ಮಗನಿಗೆ ಹೇಳಿ.

ಎಚ್‌ಎಂಟಿ ಗಡಿಯಾರ ಕಂಪೆನಿಯನ್ನು ಮುಚ್ಚಲು ಕೇಂದ್ರ ಸರಕಾರ 2016ರಲ್ಲಿ ಒಪ್ಪಿತು. ಸಿಗದ ವಸ್ತುವಿಗೆ ಬೇಡಿಕೆ ಹೆಚ್ಚು, ಮೋಸವೂ ಹೆಚ್ಚು. ಹಳೆಯ ಯಂತ್ರಕ್ಕೆ ಬೇರೆ ಕವಚ ತೊಡಿಸಿ, ಮುಖಕ್ಕೆ ಹೊಸ ಬಣ್ಣ ಬಳಿದು 'ಅಸಲಿ' ಎಂದು ಮಾರುವವರಿದ್ದಾರೆ. ಥಳಥಳಿಸುವುದನ್ನು ಕಂಡು ಮರುಳಾಗಬಾರದು. ಹಿಂಬದಿ ತೆರೆಸಿ ನೋಡದೆ ಕೊಳ್ಳಬಾರದು.

ಅಜ್ಜನ ಗಡಿಯಾರವನ್ನು ಅನುಭವಿ ರಿಪೇರಿಗಾರರಲ್ಲಿ ಶುಚಿಗೊಳಿಸಿ ಎಣ್ಣೆ ಹಾಕಿಸಿ. ಒಣಗಿದ ಎಣ್ಣೆ ಯಂತ್ರವನ್ನು ಸವೆಸುತ್ತದೆ. ದಿನಕ್ಕೊಮ್ಮೆ ಕೀಲಿ ಕೊಟ್ಟು, ಬಿಗಿಯಾದಾಗ ನಿಲ್ಲಿಸಲಿ. ವುಝೂ ಮಾಡುವ ಮುನ್ನ ಬಿಚ್ಚಿಡಲಿ. ಹಳೆಯ ಗಡಿಯಾರಕ್ಕೆ ನೀರೇ ಶತ್ರು.

ಇನ್ನೊಂದು ಮಾತು. ಅದು ಯಾರದು, ಯಾವಾಗ ಕೊಂಡದ್ದು ಎಂದು ಹಿರಿಯರನ್ನು ಕೇಳಿ ಒಂದು ಪುಸ್ತಕದಲ್ಲಿ ಬರೆದಿಡಲಿ. ಗಡಿಯಾರ ಕೆಟ್ಟರೆ ರಿಪೇರಿ ಮಾಡಿಸಬಹುದು. ಹೇಳುವ ಹಿರಿಯರು ಹೋದ ಮೇಲೆ ಯಾರನ್ನು ಕೇಳುವುದು?