ಎಣ್ಣೆ ಬಿದ್ದ ಜಾಗ, ಎಣ್ಣೆ ಹೊರಟ ಜಾಗ

ಕಾಸರಗೋಡಿನ ಮೂಡಣ ಗುಡ್ಡಗಳಲ್ಲಿ, ಬಸ್ಸು ತಲುಪದ ಕಂಗಿನ ತೋಟಗಳ ನಡುವೆ ಇಂದಿಗೂ ಹಳೆಯ ಜೀಪುಗಳೇ ಜನರಿಗೆ ಆಧಾರ. ಗೊಬ್ಬರದ ಚೀಲ, ಅಡಿಕೆಯ ಮೂಟೆ, ಆಸ್ಪತ್ರೆಗೆ ಹೊರಟ ಗರ್ಭಿಣಿ, ಶಾಲೆಯ ಮಕ್ಕಳು ಎಲ್ಲರಿಗೂ ಅದೊಂದೇ ವಾಹನ. ಅಂತಹ ಒಂದು ಬಾಡಿಗೆ ಜೀಪು ದಿನವೂ ತೋಡು ದಾಟಿ, ಚಡಾವು ಇಳಿದು ಕನ್ನಡ ಶಾಲೆಯ ಮಕ್ಕಳನ್ನು ಕರೆದೊಯ್ಯುತ್ತಿತ್ತು. ನಾಲ್ಕು ಚಕ್ರಗಳಿಗೂ ಎಂಜಿನಿನ ಬಲ ಹರಿಯುವ ಗಾಡಿ. ಅದು ರಾತ್ರಿ ನಿಂತ ಕೊಟ್ಟಿಗೆಯ ನೆಲದಲ್ಲಿ ಬೆಳಿಗ್ಗೆ ನಾಣ್ಯದಷ್ಟು ಅಗಲದ ಎಣ್ಣೆಯ ಕಲೆ ಕಾಣುತ್ತಿತ್ತು.

ಯಜಮಾನನು ಆ ಕಲೆಯನ್ನು ಅಲಕ್ಷಿಸಿದವನಲ್ಲ. ಹಿಂದಿನ ಆಕ್ಸಲ್‌ನ ನಡುವಿನ ಗುಂಡು ಭಾಗದಲ್ಲಿ, ಪ್ರೊಪೆಲ್ಲರ್ ಶಾಫ್ಟ್ ಬಂದು ಕೂಡುವಲ್ಲಿ, ಎರಡು ಬಾರಿ ಆಯಿಲ್ ಸೀಲ್ ಬದಲಾಯಿಸಿದ್ದನು. ಎರಡು ಬಾರಿಯೂ ಕೆಲವು ತಿಂಗಳಲ್ಲಿ ಕಲೆ ಮರಳಿತು. ಮೂರನೆಯ ಬಾರಿ ಅವನು ಬೇರೆ ಮೇಸ್ತ್ರಿಯ ಬಳಿ ಹೋದನು.

"ಮೇಸ್ತ್ರಿಗಳೇ, ಇವತ್ತೇ ಒಂದು ಹೊಸ ಸೀಲ್ ಹಾಕಿಬಿಡಿ. ಸೋಮವಾರ ಮಕ್ಕಳಿಗೆ ಪರೀಕ್ಷೆ ಉಂಟು."

"ಎರಡು ಸೀಲ್ ಹಾಕಿ ಆಯಿತಲ್ಲ? ಅವು ಯಾಕೆ ಹೋದವು ಎಂದು ತಿಳಿಯದೆ ಮೂರನೆಯದನ್ನು ನಾನು ಹಾಕುವುದಿಲ್ಲ."

ವೃದ್ಧ ಮೇಸ್ತ್ರಿಯು ಮೊದಲು ಸ್ಪ್ಯಾನರ್ ಹಿಡಿಯಲಿಲ್ಲ. ತೊಟ್ಟಿಕ್ಕುತ್ತಿದ್ದ ಎಣ್ಣೆಯನ್ನು ಬೆರಳಿಗೆ ಹಚ್ಚಿ ಮೂಸಿದನು. ಗೇರ್ ಆಯಿಲ್ ಮಂದವಾಗಿರುತ್ತದೆ. ಗಂಧಕದ ಘಾಟು ಅದರ ಗುರುತು. ಬ್ರೇಕಿನ ಎಣ್ಣೆಯಾದರೆ ತೆಳ್ಳಗೆ, ಡೀಸೆಲ್ ಎಂಜಿನಿನ ಎಣ್ಣೆಯಾದರೆ ಮಸಿಯಂತೆ ಕಪ್ಪಗೆ ಇರುತ್ತಿತ್ತು. ಇದು ಗೇರ್ ಆಯಿಲ್ ಎಂಬುದು ಖಚಿತವಾಯಿತು. ಆದರೆ ಇಂತಹ ಜೀಪಿನಲ್ಲಿ ಗೇರ್ ಆಯಿಲ್ ಇರುವ ಸ್ಥಳ ಒಂದಲ್ಲ. ಗೇರ್ ಬಾಕ್ಸ್, ಅದರ ಹಿಂದಿನ ಟ್ರಾನ್ಸ್‌ಫರ್ ಕೇಸ್, ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್ ಹೀಗೆ ನಾಲ್ಕು. ಓಡುವಾಗ ಮುಂದೆ ಸೋರಿದ ಎಣ್ಣೆಯನ್ನು ಗಾಳಿ ಹಿಂದಕ್ಕೆ ಬಳಿಯುತ್ತದೆ. ಓರೆಯಾಗಿ ನಿಂತ ಗಾಡಿಯಲ್ಲಿ ಎಣ್ಣೆ ತಗ್ಗಿನ ಕಡೆಗೆ ಹರಿದು ಬೇರೆಲ್ಲೋ ತೊಟ್ಟಿಕ್ಕುತ್ತದೆ. ಆದ್ದರಿಂದ ನೆಲದ ಕಲೆಯೊಂದನ್ನೇ ನಂಬಿ ತೀರ್ಮಾನಿಸುವುದು ತರವಲ್ಲ.

ಗಾಡಿಯ ಅಡಿಭಾಗವನ್ನೆಲ್ಲ ಡೀಸೆಲಿನಿಂದ ತೊಳೆದು ಒಣಗಿಸಲಾಯಿತು. ಅನುಮಾನವಿದ್ದ ಜೋಡಣೆಗಳಿಗೆಲ್ಲ ಮೇಸ್ತ್ರಿಯು ಮುಖಕ್ಕೆ ಹಚ್ಚುವ ಪೌಡರನ್ನು ಉದುರಿಸಿದನು. ಚಡಾವು ಹತ್ತಿ ಇಳಿದು ಬಂದ ಜೀಪನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಕೆಳಗೆ ಹಳೆಯ ಪತ್ರಿಕೆಗಳನ್ನು ಹಾಸಿ, ಒದ್ದೆಯಾದ ಜಾಗಗಳಲ್ಲಿ ಅತ್ಯಂತ ಮೇಲಿನದೂ ಮುಂದಿನದೂ ಯಾವುದೆಂದು ಹುಡುಕಿದನು. ಟ್ರಾನ್ಸ್‌ಫರ್ ಕೇಸಿನ ಪೌಡರು ಬಿಳಿಯಾಗಿಯೇ ಉಳಿದಿತ್ತು. ಹಿಂದಿನ ಆಕ್ಸಲ್‌ನ ಸೀಲ್ ಒದ್ದೆಯಾಗಿತ್ತು. ಅಲ್ಲದೆ, ಯಾರೂ ನೋಡದಿದ್ದ ಮತ್ತೊಂದು ಜಾಗದಲ್ಲಿ, ಎಡಗಡೆಯ ಹಿಂಚಕ್ರದ ಒಳಮೈಯಲ್ಲಿ, ಸಣ್ಣ ಗೆರೆಯೊಂದು ಇಳಿದಿತ್ತು.

ಚಕ್ರವನ್ನೂ ಬ್ರೇಕ್ ಡ್ರಮ್ಮನ್ನೂ ಬಿಚ್ಚಿದಾಗ ಯಜಮಾನನ ಮುಖ ಬಾಡಿತು. ಬ್ರೇಕ್ ಲೈನಿಂಗ್ ಗೇರ್ ಆಯಿಲಿನಲ್ಲಿ ನೆನೆದಿತ್ತು. ನೆನೆದ ಲೈನಿಂಗ್ ಡ್ರಮ್ಮನ್ನು ಹಿಡಿಯುವುದಿಲ್ಲ, ಜಾರುತ್ತದೆ. ಮಕ್ಕಳು ತುಂಬಿದ ಜೀಪು ಇಷ್ಟು ದಿನ ಆ ಇಳಿಜಾರಿನಲ್ಲಿ ಇಳಿದದ್ದು ಹೀಗೆ.

ಒಂದೇ ಆಕ್ಸಲ್‌ನಲ್ಲಿ ಎರಡು ಕಡೆ ಸೋರಿಕೆ ಇದ್ದರೆ ಕಾರಣವೂ ಒಂದೇ ಇರಬಹುದೆಂದು ಮೇಸ್ತ್ರಿಯು ಆಕ್ಸಲ್‌ನ ಮೇಲ್ಭಾಗವನ್ನು ತಡವಿದನು. ಅಲ್ಲಿ ಬ್ರೀದರ್ ಎಂಬ ಪುಟ್ಟ ಮುಚ್ಚಳವಿರುತ್ತದೆ. ಓಡಿ ಬಿಸಿಯಾದ ಆಕ್ಸಲ್‌ನೊಳಗೆ ಹಿಗ್ಗಿದ ಗಾಳಿ ಹೊರಹೋಗುವ ದಾರಿ ಅದು. ಕೆಂಪು ಮಣ್ಣು ಮೆತ್ತಿ ಅದು ಕಲ್ಲಾಗಿತ್ತು. ಸಡಿಲಿಸಿದೊಡನೆ 'ಸುಸ್' ಎಂದು ಗಾಳಿ ಹೊರಬಂತು. ದಾರಿ ಕಾಣದ ಗಾಳಿ ಎಣ್ಣೆಯನ್ನು ಸೀಲುಗಳ ಅಂಚಿನಿಂದ ಹೊರದೂಡುತ್ತಿತ್ತು. ಬಿಸಿ ಆಕ್ಸಲ್ ತೋಡಿನ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಅದೇ ಅಂಚಿನಿಂದ ನೀರನ್ನು ಎಳೆದುಕೊಳ್ಳುತ್ತಿತ್ತು. ಮೇಸ್ತ್ರಿಯು ಎಣ್ಣೆ ತುಂಬುವ ಬಿರಡೆ ಸಡಿಲವಾಗುತ್ತದೆಯೆಂದು ಖಚಿತಪಡಿಸಿಕೊಂಡ ಮೇಲೆಯೇ ಕೆಳಗಿನ ಬಿರಡೆಯನ್ನು ಬಿಚ್ಚಿದನು. ಎಣ್ಣೆ ಖಾಲಿಯಾದ ಬಳಿಕ ಮೇಲಿನದು ಜಗ್ಗದಿದ್ದರೆ ಗಾಡಿ ಅಲ್ಲೇ ಉಳಿಯುತ್ತದೆ. ಇಳಿದ ಎಣ್ಣೆಗೆ ಹಾಲು ಬೆರೆತ ಚಹಾದ ಬಣ್ಣವಿತ್ತು. ನೀರು ಸೇರಿದ್ದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಜೀಪಿನ ಫಿಟ್‌ನೆಸ್ ಪತ್ರ, ವಿಮೆ ಎಲ್ಲವೂ ಕ್ರಮವಾಗಿದ್ದವು. ಆದರೆ ಕಾನೂನು ಕಾಗದದ ಬಳಿಯೇ ನಿಲ್ಲುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 190ನೇ ಸೆಕ್ಷನ್, ಅಪಾಯಕ್ಕೆ ಎಡೆಮಾಡುವ ದೋಷವುಳ್ಳ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸುವವನನ್ನೂ, ಓಡಿಸಲು ಬಿಡುವವನನ್ನೂ ಅಪರಾಧಿಯೆನ್ನುತ್ತದೆ. ದೋಷವು ಅವನಿಗೆ ತಿಳಿದಿರಬೇಕೆಂದೂ ಇಲ್ಲ. ಸಾಮಾನ್ಯ ಎಚ್ಚರದಿಂದ ತಿಳಿಯಬಹುದಾಗಿತ್ತೆಂದರೂ ಸಾಕು. ಪ್ರತಿದಿನ ಬೆಳಿಗ್ಗೆ ಕಣ್ಣಿಗೆ ಬೀಳುವ ಕಲೆಯನ್ನು 'ಹಳೆಯ ಗಾಡಿ, ಒಸರುವುದು ಸಹಜ' ಎಂದು ದಾಟಿ ಹೋದವನಿಗೆ 'ಗೊತ್ತಿರಲಿಲ್ಲ' ಎಂಬ ಮಾತು ಆಸರೆಯಾಗುವುದು ಕಷ್ಟ. ಈ ಯಜಮಾನನು ಸೀಲನ್ನಾದರೂ ಬದಲಾಯಿಸಿದ್ದನು. ಕಲೆ ಮತ್ತೆ ಮರಳಿದಾಗ ಕಾರಣವನ್ನು ಕೇಳದಿದ್ದುದೇ ಅವನ ತಪ್ಪು.

ಹೊಸ ಲೈನಿಂಗ್, ಎರಡೂ ಕಡೆಯ ಸೀಲ್, ಹೊಸ ಬ್ರೀದರ್ ಸಿದ್ಧವಾಗಲು ಬುಧವಾರವಾಯಿತು. ಸೋಮವಾರ ಮಕ್ಕಳು ಹೇಗೆ ಹೋಗುವುದೆಂದು ತಾಯಂದಿರು ಫೋನಿನಲ್ಲಿ ಸಿಡಿಮಿಡಿಗೊಂಡರು. ಯಜಮಾನನು ಬ್ರೇಕಿನ ಸಂಗತಿಯನ್ನು ಮುಚ್ಚಿಡದೆ ಹೇಳಿ, ತನ್ನ ಖರ್ಚಿನಲ್ಲಿ ಬೇರೊಂದು ಜೀಪು ಕಳುಹಿಸಿದನು. ಆಮೇಲೆ ಯಾರೂ ಮಾತೆತ್ತಲಿಲ್ಲ.

ಮಕ್ಕಳನ್ನು ಇಂತಹ ಗಾಡಿಯಲ್ಲಿ ಕಳುಹಿಸುವ ಹೆತ್ತವರು ಚಾಲಕನನ್ನು ಕೇಳಬೇಕಾದ ಪ್ರಶ್ನೆಗಳು ಮೂರು. ರಾತ್ರಿ ಗಾಡಿ ನಿಂತಲ್ಲಿ ಕಲೆ ಬೀಳುತ್ತದೆಯೇ? ಚಕ್ರಗಳ ಒಳಮೈ ಒಣಗಿದೆಯೇ? ಮಳೆಗಾಲದ ಬಳಿಕ ಬ್ರೀದರನ್ನು ಶುಚಿಮಾಡಿ ಎಣ್ಣೆಯ ಬಣ್ಣ ನೋಡಲಾಗಿದೆಯೇ? ಸಂಕೋಚದ ಕಾರಣವಿಲ್ಲ. ಆ ಜೀಪಿನ ಯಜಮಾನನು ಈಗ ಪ್ರತಿ ರಾತ್ರಿ ಗಾಡಿಯ ಕೆಳಗೆ ಹಳೆಯ ಪತ್ರಿಕೆ ಹಾಸುತ್ತಾನೆ. ಬೆಳಿಗ್ಗೆ ಅದನ್ನು ಎತ್ತಿ ನೋಡಿದ ಮೇಲೆಯೇ ಮಕ್ಕಳನ್ನು ಕರೆತರಲು ಹೊರಡುತ್ತಾನೆ.